ಬಂಡೆಯ ಮೇಲಿನದು

ಬೇಸಿಗೆಯಲ್ಲಿ ಕೃಷ್ಣೆ ಇಳಿದಾಗ ಆ ಊರಿನ ಹೆಂಗಸರು ಬಟ್ಟೆ ಒಗೆಯಲು ಹೊಳೆಗೆ ಹೋದರೆ ಮೊದಲು ನೀರನ್ನು ನೋಡುತ್ತಿರಲಿಲ್ಲ, ಬಂಡೆಯನ್ನು ನೋಡುತ್ತಿದ್ದರು. ಹೊಳೆಯ ನಡುವೆ ಮಲಗಿದ ಎಮ್ಮೆಯಂತೆ ಒಂದು ಕಪ್ಪು ಬಂಡೆ. ಬಿಸಿಲೇರಿದ ಮೇಲೆ ಅದರ ನೆತ್ತಿಯ ಮೇಲೆ ಉದ್ದಕ್ಕೆ ಒಂದು ಜೀವ ಬಂದು ಒರಗುತ್ತಿತ್ತು. ಅದು ಅಲ್ಲಿ ಕಂಡಿತೆಂದರೆ ಧೈರ್ಯ. ಅಲ್ಲಿದೆ ಅಂದಮೇಲೆ ಇಲ್ಲಿಲ್ಲ. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮೊಣಕಾಲು ನೀರಿಗೆ ಇಳಿಯಬಹುದು, ಮಕ್ಕಳ ತಲೆಗೆ ನಾಲ್ಕು ತಂಬಿಗೆ ನೀರು ಹಾಕಬಹುದು. ಬಂಡೆ ಬರಿದಾಗಿದ್ದ ದಿನ ಮಾತ್ರ ಬಟ್ಟೆಗಂಟನ್ನು ಹೊತ್ತುಕೊಂಡು ಹಾಗೆಯೇ ಮನೆಗೆ ವಾಪಸು. ಅತ್ತೆ ಸೊಸೆಗೆ, ತಾಯಿ ಮಗಳಿಗೆ ಹೇಳಿಕೊಡುತ್ತ ಬಂದ ಲೆಕ್ಕ ಇದು.

ಇನ್ನೊಂದು ಕಟ್ಟಳೆಯೂ ಇತ್ತು. ದಂಡೆಯ ಮೇಲೆ ಅದರ ಹೆಸರು ಎತ್ತಬಾರದು. ಮನೆಯಲ್ಲಿ ಒಲೆಯ ಮುಂದೆ ಕುಳಿತು ಮೊಸಳೆ ಎಂದರೆ ಅಡ್ಡಿಯಿಲ್ಲ. ನೀರಿನ ಬಳಿ ಮಾತ್ರ ಅದು 'ಹಿರ್ಯಾಕಿ', ಹಿರಿಯಳು. ಹೆಸರು ಹಿಡಿದು ಕರೆದರೆ ಕರೆದವರ ಕಡೆಗೇ ಬರುತ್ತದೆ ಎಂದು ಹಿರಿಯರು ನಂಬಿದ್ದರು.

ಸುಮಲತಾ ಈ ಊರಿಗೆ ಸೊಸೆಯಾಗಿ ಬಂದು ಹದಿನೈದು ವರ್ಷವಾಗಿತ್ತು. ಎರಡು ಕಟ್ಟಳೆಗಳನ್ನೂ ಅವಳು ಮುರಿದವಳಲ್ಲ. ಆದರೆ ಈ ಬೇಸಿಗೆಯಲ್ಲಿ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಮಗಳು ಉಮಾ ಏಳನೆಯ ತರಗತಿ ಮುಗಿಸಿದ್ದಳು. ಹೈಸ್ಕೂಲು ಇರುವುದು ಆಚೆ ದಂಡೆಯ ಊರಿನಲ್ಲಿ. ದಾಟಿಸುವುದು ಮಾವ ಮರಿಲಿಂಗಪ್ಪನ ಹರಿಗೋಲು. ಅದಾದರೂ ಏನು, ತೇಲುವ ದೊಡ್ಡ ಬುಟ್ಟಿ. ಹತ್ತು ಮಕ್ಕಳು ಕೂತರೆ ಅಂಚು ನೀರಿಗಿಂತ ಒಂದು ಗೇಣು ಮೇಲೆ. ಮಕ್ಕಳೆಂದ ಮೇಲೆ ಸುಮ್ಮನೆ ಕೂತಾವೆಯೇ? ಕೈ ಇಳಿಬಿಟ್ಟು ನೀರಲ್ಲಿ ಗೆರೆ ಎಳೆಯುತ್ತ ಹೋಗುತ್ತವೆ. ಆ ಇಳಿಬಿಟ್ಟ ಕೈಗಳು ರೊಟ್ಟಿ ಬಡಿಯುವಾಗಲೂ ಸುಮಲತಾಳ ಕಣ್ಣ ಮುಂದೆ ಬರುತ್ತಿದ್ದವು.

ಯುಗಾದಿ ಕಳೆದ ವಾರ ಪಕ್ಕದ ಮನೆಯ ಮಲ್ಲಾಬಾಯಿಯ ಆಡನ್ನು ಮೊಸಳೆ ನೀರಿಗೆ ಎಳೆದುಕೊಂಡಿತ್ತು. ಅರಣ್ಯ ಇಲಾಖೆಯಿಂದ ಒಬ್ಬ ಗಾರ್ಡು ವಿಚಾರಣೆಗೆ ಬಂದ. ಬಂದವನು ಚಾವಡಿಯಲ್ಲಿ ಕೇಳಿದ್ದರೆ ನಾಲ್ಕು ಮಂದಿ ನಾಲ್ಕು ಮಾತು ಹೇಳುತ್ತಿದ್ದರು. ಅವನು ಎಲ್ಲರನ್ನೂ ದಂಡೆಗೇ ಕರೆದುಕೊಂಡು ಹೋಗಿ, ನೀರಿನ ಅಂಚಿಗೆ ನಿಂತು, "ಮೊಸಳಿ ನೋಡೀರೇನು?" ಎಂದು ದೊಡ್ಡ ದನಿಯಲ್ಲಿ ಕೇಳಿದ. ಎಲ್ಲರ ಬಾಯಿಗೂ ಬೀಗ ಬಿತ್ತು. ಆಡು ಕಳೆದುಕೊಂಡ ಮಲ್ಲಾಬಾಯಿ ಕೂಡ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. ಮರಿಲಿಂಗಪ್ಪ ಮಾತ್ರ, "ಹೊಳಿ ಅಂದಮ್ಯಾಲ ಎಲ್ಲಾ ಇರ್ತಾವ್ರಿ, ಸಾಹೇಬ್ರ. ನಾವೂ ಇರ್ತೇವಿ," ಎಂದ. ಗಾರ್ಡು 'ಯಾರೂ ನೋಡಿಲ್ಲ' ಎಂದು ಬರೆದುಕೊಂಡು ಹೋದ.

ಆಮೇಲೆ ಸುಮಲತಾಳೇ ಶಹಾಪುರದ ಅರಣ್ಯ ಕಚೇರಿಗೆ ಹೋದಳು. ಮೊಬೈಲಿನಲ್ಲಿ ತೆಗೆದ ಫೋಟೋ ಹಿಡಿದುಕೊಂಡು ಒಂದು ತಾಸು ಬಾಗಿಲಲ್ಲಿ ನಿಂತಳು. ಅಷ್ಟರಲ್ಲಿ ಕೊರಳಿಗೆ ದೊಡ್ಡ ಕ್ಯಾಮೆರಾ ನೇತುಹಾಕಿಕೊಂಡ ಒಬ್ಬ ಬಂದ. ಜವಾನ ಓಡಿಬಂದು ಕುರ್ಚಿ ಎಳೆದುಕೊಟ್ಟ, ಒಳಗಿನ ಅಧಿಕಾರಿ ಎದ್ದು ನಿಂತು ಚಹಾ ತರಿಸಿದರು. ಅವನು ಹೋದ ಮೇಲೆ ಸುಮಲತಾಳ ಸರದಿ.

ಅಧಿಕಾರಿ ಫೋಟೋವನ್ನು ಹತ್ತಿರ ಹಿಡಿದರು, ದೂರ ಹಿಡಿದರು. "ಏನಮ್ಮಾ ಇದು? ಕಟ್ಟಿಗಿನೋ ಕಲ್ಲೋ?"

"ಮೊಸಳಿರಿ, ಸರ."

"ನಮ್ಮ ಗಾರ್ಡ್ ಬಂದು ಕೇಳಿದಾಗ ಊರಿಗೆ ಊರೇ ನೋಡಿಲ್ಲ ಅಂದೀರಿ. ಬೋನು ತರಸಬೇಕಂದ್ರ ನಾನು ಮ್ಯಾಲಿನವ್ರಿಗೆ ಬರೀಬೇಕು. ಈ ಚುಕ್ಕಿ ಕಳಿಸಿದ್ರ ನನಗ ನಗ್ತಾರ. ಸ್ಪಷ್ಟ ಇರೋ ಫೋಟೋ ತಗೊಂಡು ಬಾ, ಅವತ್ತೇ ಬರೀತೀನಿ."

ಮನುಷ್ಯ ಕೆಟ್ಟವರಲ್ಲ. ಬರೆಯುತ್ತೇನೆ ಎಂದರಲ್ಲ, ಅಷ್ಟೇ ಸಾಕಾಗಿತ್ತು ಅವಳಿಗೆ. ಶಾಲೆ ತೆರೆಯಲು ಹನ್ನೊಂದು ದಿನ ಉಳಿದಿತ್ತು.

ಶಹಾಪುರದ ಬಸ್ ನಿಲ್ದಾಣದ ಹಿಂದೆ ಫಕೀರಸಾಬರ ಫೋಟೋ ಸ್ಟುಡಿಯೋ. ಸುಮಲತಾಳ ಗಂಡ ಬಸಲಿಂಗ ಅವರ ಮನೆಗೆ ವಾರಕ್ಕೊಮ್ಮೆ ಮೀನು ಕೊಡುವವನು. ಮರುದಿನ ಗಂಡ ಹೆಂಡತಿ ಇಬ್ಬರೂ ಹೋಗಿ ಸಂಗತಿ ಹೇಳಿದರು. ವಯಸ್ಸಾದ ಫಕೀರಸಾಬರು ಎಲ್ಲವನ್ನೂ ಕೇಳಿಸಿಕೊಂಡು, "ಬಾಡಗಿ ಗೀಡಗಿ ಮಾತು ಬ್ಯಾಡ. ಮದುವಿ ಸೀಜನ್ ಮುಗದದ, ಮಷಿನ್ನು ಖಾಲಿನೇ ಕುಂತಾವ. ಮೂರು ದಿನ ಒಯ್ದು ನಾಕನೇ ದಿನ ತಂದುಕೊಡ್ರಿ," ಎಂದು ಎರಡು ಕ್ಯಾಮೆರಾಗಳನ್ನು ಗಾಜಿನ ಮೇಜಿನ ಮೇಲೆ ಇಟ್ಟರು.

ಒಂದು, ಅಂಗಿಯ ಜೇಬಿನಲ್ಲಿ ಹಿಡಿಯುವಷ್ಟು ಸಣ್ಣದು. ಬಟನ್ ಒತ್ತಿದರೆ ಆಮೆ ಕುತ್ತಿಗೆ ಚಾಚಿದಂತೆ ಅದರ ಲೆನ್ಸು ಸರಸರ ಹೊರಗೆ ಬರುತ್ತಿತ್ತು. ಇನ್ನೊಂದು ಕಪ್ಪನೆಯ ದೊಡ್ಡದು, ಕೊರಳಿಗೆ ಹಾಕುವ ಅಗಲ ಪಟ್ಟಿಯಿತ್ತು.

ಫಕೀರಸಾಬರು ಇಬ್ಬರನ್ನೂ ಮಾಳಿಗೆಗೆ ಕರೆದೊಯ್ದರು. ಎದುರಿಗೆ ಬುದ್ಧ ಮಲಗಿದಂತೆ ಕಾಣುವ ಗುಡ್ಡ. ಸಣ್ಣದರಲ್ಲಿ ನೋಡಿದರೆ ಗುಡ್ಡ ನಡೆದುಕೊಂಡು ಬಂದು ಎದುರಿಗೆ ನಿಂತಿತು. ಮಲಗಿದ ಮೂಗಿನ ಮೇಲಿನ ಒಂದು ಪೊದೆ ಕಾಣುತ್ತಿತ್ತು, ಆದರೆ ಸ್ವಲ್ಪ ಮಸುಕು, ಹಿಟ್ಟು ಎರಚಿದ ಹಾಗೆ. ದೊಡ್ಡದರಲ್ಲಿ ಗುಡ್ಡ ತಾನಿದ್ದಲ್ಲೇ ಇತ್ತು, ದೂರ. ಆದರೆ ಊರಿನ ಮಾಳಿಗೆಗಳು, ಒಣಹಾಕಿದ ಮೆಣಸಿನಕಾಯಿ, ತಂತಿಯ ಮೇಲಿನ ಹಕ್ಕಿ, ಎಲ್ಲವೂ ತೊಳೆದಿಟ್ಟಂತೆ ನಿಚ್ಚಳ.

"ನೋಡು ಬೇಟಿ," ಎಂದರು ಮುದುಕರು. "ಸಣ್ಣದು ದೂರದ್ದನ್ನ ನಿನ್ನ ಹತ್ರ ತರ್ತದ. ದೊಡ್ಡದಕ್ಕ ನೀನೇ ಹತ್ರ ಹೋಗಬೇಕಾಗ್ತದ. ಇದಕ್ಕ ಉದ್ದ ಲೆನ್ಸ್ ಬ್ಯಾರೇ ಬರ್ತದ, ಅದು ನನ್ನ ಕಡೆ ಇಲ್ಲ. ನಿನ್ನ ಕೆಲಸಕ್ಕ ಸಣ್ಣದು ಬರೋಬರ್ ಅದ."

"ಸಣ್ಣದೇ ಒಯ್ಯೋಣ," ಎಂದ ಬಸಲಿಂಗ.

ಸುಮಲತಾ ಎರಡನ್ನೂ ಕೈಯಲ್ಲಿ ತೂಗಿ ನೋಡಿದಳು. ಸಣ್ಣದು ಮಗುವಿನ ಆಟಿಕೆಯಷ್ಟು ಹಗುರ. ಕಚೇರಿಯ ಬಾಗಿಲು, ಎಳೆದುಕೊಟ್ಟ ಕುರ್ಚಿ, ಎದ್ದು ನಿಂತ ಅಧಿಕಾರಿ ಎಲ್ಲವೂ ಅವಳ ಕಣ್ಣಿಗೆ ಕಟ್ಟಿದವು.

"ಇದನ್ನ ಹಿಡಕೊಂಡು ಹೋದ್ರ ಮತ್ತ ಬಾಗಲದಾಗೇ ನಿಂದರಸ್ತಾರ," ಎಂದಳು. "ದೊಡ್ಡದು ಕೊರಳಾಗ ಇದ್ರ ಮಾತರ ಕೇಳ್ತಾರ."

"ಫೋಟೋ ಬೇಕಾಗಿದ್ದು ಸಾಹೇಬ್ರಿಗೆ. ನಿನ್ನ ಕೊಳ್ಳ ನೋಡಾಕಲ್ಲ."

"ನೀವು ಬಾಗಲದಾಗ ನಿಂತಿದ್ರ ಗೊತ್ತಾಗ್ತಿತ್ತು ನಿಮಗ."

ಫಕೀರಸಾಬರು ದೊಡ್ಡದನ್ನು ಚೀಲಕ್ಕೆ ಹಾಕುತ್ತ, "ಹತ್ರ ಹೋಗೋದೇನೋ ಖರೆ, ಎಷ್ಟು ಹತ್ರ ಅಂತ ಅಲ್ಲಾ ಬುದ್ಧಿ ಕೊಡ್ಲಿ," ಎಂದರು.

ಮೊದಲನೆಯ ದಿನ ಅವಳು ಎತ್ತರದ ದಂಡೆಯ ಬೇವಿನ ಮರದ ಕೆಳಗೆ ನಿಂತಳು. ಕೆಳಗೆ ಒಗೆಯುವ ಕಲ್ಲುಗಳ ಬಳಿ ಉಮಾ ಮೊಣಕಾಲು ನೀರಿನಲ್ಲಿ ಬಟ್ಟೆ ಜಾಲಿಸುತ್ತಿದ್ದಳು, ಮಲ್ಲಾಬಾಯಿ ಬಡಿಯುತ್ತಿದ್ದಳು. ಹಿರ್ಯಾಕಿ ಬಂಡೆಯ ಮೇಲೆ ಇದ್ದಳು, ಆದ್ದರಿಂದ ಹೆದರಿಕೆ ಇರಲಿಲ್ಲ. ಸುಮಲತಾ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕ್ಯಾಮೆರಾಕ್ಕೆ ಒತ್ತಿ ಇಪ್ಪತ್ತು ಸಲ ಬಟನ್ ಒತ್ತಿದಳು.

"ಏ ಸುಮಿ, ನನ್ನದೂ ಒಂದು ತೆಗಿ! ನಮ್ಮ ಮನಿಯಾವ ನನ್ನ ಮಾರಿ ನೋಡಿ ಎಷ್ಟೋ ದಿನ ಆಗ್ಯಾವ," ಎಂದು ಮಲ್ಲಾಬಾಯಿ ಕೆಳಗಿನಿಂದ ಕೂಗಿದಳು.

"ನಿನ್ನದು ತೆಗದ್ರ ಮಷಿನ್ನು ಒಡೀತದ, ಮಲ್ಲಕ್ಕ!"

ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ನೋಡಿದರೆ ಹೊಳೆ, ಆಕಾಶ, ಆಚೆ ದಂಡೆ, ಕೆಳಗೆ ಉಮಾಳ ಕೆಂಪು ಲಂಗ ಎಲ್ಲವೂ ಇತ್ತು. ಬಂಡೆ ಉದ್ದಿನ ಕಾಳಿನಷ್ಟು. ಬಂಡೆಯ ಮೇಲಿನದು ಆ ಕಾಳಿನ ಮೇಲಿನ ಗೀರು. ಮೊಬೈಲಿನಲ್ಲಿ ಬಂದದ್ದಕ್ಕೂ ಇದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಅವಳಿಗೆ ಅಳು ಬಂತು. ಫಕೀರಸಾಬರ ಮಾತು ನೆನಪಾಯಿತು, ಗಂಡನ ಮುಖ ನೋಡಲು ನಾಚಿಕೆಯಾಯಿತು. ಅವನೋ ಒಂದು ಮಾತೂ ಆಡಲಿಲ್ಲ. ಆಡಿದ್ದರೇ ಹಗುರವಾಗುತ್ತಿತ್ತು.

ಎರಡನೆಯ ದಿನ ಅವಳು ಒಗೆಯುವ ಕಲ್ಲುಗಳ ಸಾಲಿನಲ್ಲಿ ಎಲ್ಲಕ್ಕಿಂತ ಹೊರಗಿನ ಕಲ್ಲಿನ ಮೇಲೆ ಹೋಗಿ ನಿಂತಳು. ಮೂರು ಕಡೆ ನೀರು. ಬಟನ್ ಒತ್ತಿದೊಡನೆ ಕ್ಯಾಮೆರಾ 'ಕಟಕ್' ಎಂದಿತು. ದಂಡೆಯ ಮೇಲೆ, ಬಟ್ಟೆ ಬಡಿಯುವ ಸದ್ದಿನಲ್ಲಿ ಆ ದನಿ ಕೇಳಿಸಿರಲಿಲ್ಲ. ಇಲ್ಲಿ, ನಡುಹಗಲಿನ ನಿಶ್ಶಬ್ದದಲ್ಲಿ, ಒಣಗಿದ ಕಡ್ಡಿ ಮುರಿದಂತೆ ಕೇಳಿಸಿತು. ಬಂಡೆಯ ಮೇಲಿನ ತಲೆ ಮೆಲ್ಲಗೆ ಎದ್ದು ಈ ಕಡೆ ತಿರುಗಿತು. ಅಷ್ಟು ದೂರದಿಂದಲೂ ಅದು ತನ್ನನ್ನೇ ನೋಡುತ್ತಿದೆ ಎನಿಸಿತು. ಅವಳು ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತಳು. ಪಕ್ಕದಲ್ಲೇ ಎಲ್ಲೋ ನಾಲ್ಕು ಗುಳ್ಳೆ ಎದ್ದು ಒಡೆದವು. ಮೀನಿರಬೇಕು ಎಂದುಕೊಂಡಳು. ಅವಳ ಗಮನವೆಲ್ಲ ಬಂಡೆಯ ಮೇಲಿತ್ತು.

ಫೋಟೋದಲ್ಲಿ ಈಗ ಅದು ಹುಣಸೆಬೀಜದಷ್ಟಾಗಿತ್ತು. ಸಾಲದು.

ಸಂಜೆ ಮಾವನನ್ನು ಕೇಳಿದಳು. ಮರಿಲಿಂಗಪ್ಪ ದಂಡೆಯ ಮೇಲೆ ಹರಿಗೋಲನ್ನು ಬೋರಲು ಹಾಕಿ, ಶಾಲೆ ತೆರೆಯುವುದರೊಳಗೆ ಆಗಲೆಂದು ಡಾಂಬರು ಬಳಿಯುತ್ತಿದ್ದ. ಪಕ್ಕದಲ್ಲಿ ದಿನದ ಕೆಲಸಕ್ಕೆ ಇನ್ನೊಂದು ಹಳೆಯ ಸಣ್ಣ ಹರಿಗೋಲು ಗೂಟಕ್ಕೆ ಕಟ್ಟಿತ್ತು.

"ಮಾವ, ಆ ಸಣ್ಣದು ಒಂದು ತಾಸು ಕೊಡ್ರಿ. ಬಂಡಿಗಲ್ಲಿನ ಹತ್ರ ಹೋಗಿ ಬರ್ತೇವಿ."

"ಐವತ್ತು ವರ್ಷ ಆತು ಮಂದಿನ ದಾಟಸಾಕತ್ತು," ಮುದುಕ ಕೈ ನಿಲ್ಲಿಸದೆ ಹೇಳಿದ. "ನಾ ಅಕಿ ತಂಟಿಗಿ ಹೋಗಿಲ್ಲ, ಅಕಿ ನನ್ನ ತಂಟಿಗಿ ಬಂದಿಲ್ಲ. ನೀ ಈಗ ಕೊಳ್ಳಾಗ ಅದೊಂದು ಕಟಿಗೊಂಡು ಅಕಿ ಮನಿಗೇ ಹೊಂಟೀದಿ."

"ಉಮಾ ದಾಟಬೇಕಲ್ರಿ, ಮಾವ."

"ನನ್ನ ಮೊಮ್ಮಗಳ ನಾ ದಾಟಸ್ತೀನಿ. ನಿನಗಿಂತ ನನಗ ಕಾಳಜಿ ಕಡಿಮಿ ಅದ ಅಂದ್ಕೊಂಡೀಯೇನವ್ವ?"

ಮಾತಿನಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ಆದರೂ ಮರುದಿನ ಸಣ್ಣ ಹರಿಗೋಲಿನ ಹಗ್ಗ ಬಿಚ್ಚಿಟ್ಟಿದ್ದ.

ಮೂರನೆಯ ದಿನ ಬಸಲಿಂಗ ಹುಟ್ಟು ಹಾಕಿದ, ಸುಮಲತಾ ಅವನೆದುರು ಮಂಡಿಯೂರಿ ಕೂತಳು. ಹೊಳೆ ಕನ್ನಡಿಯಂತೆ ನಿಂತಿತ್ತು. ಬಂಡೆ ದೊಡ್ಡದಾಗುತ್ತ ಬಂತು. ಬೆನ್ನಿನ ಮುಳ್ಳುಗಳು, ಮಡಚಿಟ್ಟ ಕಾಲು, ತೆರೆದೇ ಇದ್ದ ಬಾಯಿ ಕಂಡವು. ಬಾಯಿಯೊಳಗಿನ ಹಳದಿ ಬಣ್ಣ ನೋಡಿ ಬಸಲಿಂಗ ಹುಟ್ಟು ಎತ್ತಿಬಿಟ್ಟ. ಹರಿಗೋಲು ತಾನಾಗಿಯೇ ನಿಧಾನಕ್ಕೆ ಸುತ್ತತೊಡಗಿತು.

"ತೆಗಿ, ಲಗೂನ ತೆಗಿ," ಎಂದ ಪಿಸುದನಿಯಲ್ಲಿ.

ಅವಳು ಕ್ಯಾಮೆರಾ ಎತ್ತಿದಳು. ಹರಿಗೋಲು ಸುತ್ತುತ್ತಿತ್ತು. ಬಂಡೆ ಚೌಕದೊಳಗೆ ಬಂತು, ಜಾರಿತು, ಮತ್ತೆ ಬಂತು. ಕಟಕ್. ಆ ಒಂದು ಸದ್ದಿಗೆ ಅಷ್ಟು ದೊಡ್ಡ ಮೈ ಒಂದು ಹನಿಯೂ ಸಿಡಿಯದಂತೆ ನೀರಿಗೆ ಜಾರಿಕೊಂಡಿತು. ಬಂಡೆಯ ಮೇಲೆ ಒದ್ದೆ ಗುರುತು ಮಾತ್ರ ಉಳಿಯಿತು.

ದಂಡೆ ಮುಟ್ಟುವವರೆಗೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹರಿಗೋಲಿನ ತಳಕ್ಕೆ ಏನೋ ತಾಕಿದಂತೆ ಒಮ್ಮೆ ಅನಿಸಿತು. ಕೇಳಲು ಇಬ್ಬರಿಗೂ ಧೈರ್ಯ ಬರಲಿಲ್ಲ. ಆ ಫೋಟೋದಲ್ಲಿ ಬಂಡೆಯ ಒಂದು ಮೂಲೆ, ಅಲುಗಾಡಿದ ನೀರು, ಬಸಲಿಂಗನ ಭುಜ ಇಷ್ಟೇ ಬಂದಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಕ್ಯಾಮೆರಾ ವಾಪಸು ಕೊಡಲು ಹೊರಟರು. ಬಂದದ್ದರಲ್ಲಿ ಯಾವುದಾದರೂ ಒಂದನ್ನು ಫಕೀರಸಾಬರು ಕಂಪ್ಯೂಟರಿನಲ್ಲಿ ತಿದ್ದಿ ಕೊಟ್ಟಾರು ಎಂಬ ಆಸೆ. ಆಗದಿದ್ದರೆ ಸಣ್ಣದನ್ನು ಇಸಿದುಕೊಂಡು ಬರುವುದು. ಸುಮಲತಾ ಮಗಳ ತಲೆ ಬಾಚಿ, ಎರಡು ಜಡೆ ಹಾಕಿ, ಬಟ್ಟೆಗಂಟು ಕಟ್ಟಿಟ್ಟಳು.

"ಮಲ್ಲಕ್ಕ ಕಾಕಿ ಜೊತಿಗೇ ಹೋಗು. ಮೊದಲ ಬಂಡಿಗಲ್ಲ ನೋಡು. ಹಿರ್ಯಾಕಿ ಅಲ್ಲಿ ಮಲಗಿದ್ರ ಮಾತರ ನೀರಿಗಿಳಿ. ತಿಳೀತಿಲ್ಲೋ?"

"ತಿಳೀತಬೇ ಯವ್ವಾ. ದಿನಾ ಅದೇ ಹೇಳ್ತಿ."

ಸ್ಟುಡಿಯೋ ತಲುಪಿದಾಗ ಹನ್ನೊಂದು ದಾಟಿತ್ತು. ಫಕೀರಸಾಬರು ಕ್ಯಾಮೆರಾದಿಂದ ಸಣ್ಣ ಕಾರ್ಡು ತೆಗೆದು ಕಂಪ್ಯೂಟರಿಗೆ ಸಿಕ್ಕಿಸಿ, ಕನ್ನಡಕ ಏರಿಸಿ, ಎಲ್ಲಕ್ಕಿಂತ ಮೊದಲನೆಯ ಫೋಟೋ ತೆರೆದರು.

"ಅದು ಬ್ಯಾಡ ಚಾಚಾ, ಅದರಾಗೇನೂ ಇಲ್ಲ," ಎಂದಳು ಸುಮಲತಾ. "ದಂಡಿ ಮ್ಯಾಲಿಂದ ತೆಗದಿದ್ದು. ಬಂಡಿಗಲ್ಲು ಕಾಳಿನಷ್ಟು ಅದ."

"ಇಷ್ಟು ಸಣ್ಣ ಪರದಿ ನೋಡಿ ಇಲ್ಲ ಅಂತೀಯೇನು, ಹುಚ್ಚಿ? ಇದರ ಹೊಟ್ಟ್ಯಾಗ ಏನೇನು ತುಂಬಿರ್ತದ ನೋಡು." ಮುದುಕರು ಬಂಡೆಯ ಮೇಲೆ ಬಾಣದ ಗುರುತು ಇಟ್ಟು ಹಿಗ್ಗಿಸಿದರು. ಕಾಳು ಬೆಳೆಯಿತು, ಮುಷ್ಟಿಯಾಯಿತು, ಪರದೆಯ ಅರ್ಧ ತುಂಬಿತು. ಗೀರು ಇದ್ದದ್ದು ಮೊಸಳೆಯಾಯಿತು. ಬಾಲದ ಹಲ್ಲುಗಳನ್ನು ಎಣಿಸುವಷ್ಟು ನಿಚ್ಚಳ.

ಬಸಲಿಂಗ ಬಾಯಿ ತೆರೆದ. "ಅಂದ್ರ ಅವತ್ತೇ ಬಂದಿತ್ತೇನ್ರಿ?"

"ಅವತ್ತೇ ಬಂದಿತ್ತು. ನೀವು ಸುಮ್ನ ಸಾಯಾಕ ಹೋಗಿದ್ರಿ."

ಸುಮಲತಾ ಕುರ್ಚಿಯಲ್ಲಿ ಕುಸಿದು ಸೆರಗಿನಿಂದ ಮುಖ ಒರೆಸಿಕೊಂಡಳು. ಇವತ್ತೇ ಕಚೇರಿಗೆ ಹೋಗಬಹುದು. ಫಕೀರಸಾಬರು ಫೋಟೋವನ್ನು ಹಾಗೆಯೇ ಹಿಗ್ಗಿಸಿಟ್ಟು ಕೆಳಕ್ಕೆ ಸರಿಸಿದರು. ನೀರು, ನೀರು, ನೀರು. ಆಮೇಲೆ ಒಗೆಯುವ ಕಲ್ಲು, ಮಲ್ಲಾಬಾಯಿಯ ಎತ್ತಿದ ಕೈ, ಉಮಾಳ ಕೆಂಪು ಲಂಗ.

"ಮಗಳೇನು? ಚಂದ ಬಂದಾಳ. ಒಂದು ಪ್ರಿಂಟು ಹಾಕಿ..."

ಅವರು ಕನ್ನಡಕ ತೆಗೆದು ಅಂಗಿಗೆ ಒರೆಸಿ ಮತ್ತೆ ಹಾಕಿಕೊಂಡರು.

"ಬಸಲಿಂಗ, ಇದೇನಪ್ಪ ಇಲ್ಲಿ?"

ಉಮಾಳ ಹಿಂದೆ, ಹೊರಗಿನ ಕಲ್ಲಿನ ನೆರಳಿನಲ್ಲಿ, ನೀರಿನ ಮೇಲೆ ಎರಡು ಉಬ್ಬು. ಅವಕ್ಕಿಂತ ಒಂದು ಮೊಳ ಮುಂದೆ ಇನ್ನೊಂದು ಉಬ್ಬು. ಹೊಳೆಯ ಮೇಲೆಯೇ ಹುಟ್ಟಿ ಬೆಳೆದ ಬಸಲಿಂಗನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎರಡು ಕಣ್ಣು, ಒಂದು ಮೂತಿ. ಮಗಳ ಹಿಮ್ಮಡಿಗೂ ಅದಕ್ಕೂ ನಾಲ್ಕು ಮಾರು ದೂರವಿಲ್ಲ. ಅದೇ ಫೋಟೋದಲ್ಲಿ, ಅದೇ ಗಳಿಗೆಯಲ್ಲಿ, ಹಿರ್ಯಾಕಿ ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಿದ್ದಳು.

ಅಂಗಡಿಯ ಗೋಡೆಯ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಬಿಸಿಲೇರಿ ಬಂಡೆ ತುಂಬುವ ಹೊತ್ತು. ಬಟ್ಟೆ ಒಗೆಯುವ ಹೊತ್ತು.

ಬಸಲಿಂಗ ಮೊಬೈಲು ಹೊರತೆಗೆದ. ಸುಮಲತಾಳೇ ಕಸಿದುಕೊಂಡು ಮಲ್ಲಾಬಾಯಿಯ ನಂಬರು ಒತ್ತಿದಳು. ಮೊದಲ ಸಲ ರಿಂಗಾಗಿ ರಿಂಗಾಗಿ ನಿಂತಿತು. ಎರಡನೆಯ ಸಲ ಎತ್ತಿದ ಕೂಡಲೇ ಬಟ್ಟೆ ಬಡಿಯುವ ಸದ್ದು ಕೇಳಿಸಿತು.

"ಯಾರು? ಕೈ ಹಸೀ ಅದ, ಲಗೂನ ಹೇಳ್ರಿ."

"ಮಲ್ಲಕ್ಕ, ನಾ ಸುಮಿ. ಉಮಾ ಎಲ್ಲಿ?"

"ಇಲ್ಲೇ ಅದಾಳ, ನೀರಾಗ ನಿಂತಾಳ. ಒಂದು ಲಂಗ ಜಾಲಸಾಕ ಒಂದು ತಾಸು ಮಾಡ್ತಾಳ ನಿನ್ನ ಮಗಳು, ಗಂಡನ ಮನ್ಯಾಗ ಹೆಂಗ ಬಾಳ್ವಿ ಮಾಡ್ತಾಳೋ. ಹಿರ್ಯಾಕಿ ಮ್ಯಾಲ ಮಲಗ್ಯಾಳ, ಕಾಳಜಿ ಮಾಡಬ್ಯಾಡ."

ಸುಮಲತಾ ಫೋನನ್ನು ಕಿವಿಗೆ ಒತ್ತಿಕೊಂಡಳು. ಮಲಗಿದ ಕೂಸನ್ನು ತೊಟ್ಟಿಲಿಂದ ಎತ್ತುವಾಗಿನ ದನಿ ತಂದುಕೊಂಡಳು.

"ಮಲ್ಲಕ್ಕ, ನಾ ಹೇಳೋದು ಕೇಳು. ಚೀರಬ್ಯಾಡ. ಬಡಿಯೋದು ನಿಂದರಸು. ನೀರು ಕಲಕದಂಗ ಹೋಗಿ ಉಮಾನ ರಟ್ಟಿ ಹಿಡಿ, ಹಿಂದಹಿಂದಕ ದಂಡಿಗಿ ಕರಕೊಂಡು ಬಾ."

"ಯಾಕವ್ವ, ಏನಾತು?"

"ಇನ್ನೊಂದು ಮೊಸಳಿ ಅದ. ಹೊರಗಿನ ಕಲ್ಲಿನ ಬುಡಕ್ಕ ಮೊಸಳಿ ಅದ, ಮಲ್ಲಕ್ಕ."

ಬಡಿಯುವ ಸದ್ದು ನಿಂತಿತು. ಮತ್ತೇನೂ ಇಲ್ಲ. ನೀರು ಕಲ್ಲಿಗೆ ತಾಕುವ ಸಣ್ಣ ದನಿ. ಬಳೆ. ಫಕೀರಸಾಬರ ತುಟಿಗಳು ಅಲ್ಲಾಡುತ್ತಿದ್ದವು. ಬಸಲಿಂಗ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಸುಮಲತಾ ಕಣ್ಣು ಮುಚ್ಚಿ, ತನ್ನ ಕಿವಿಯೊಂದೇ ತಾನಾಗಿ ಕೂತಳು. ಒಂದು ಹೆಜ್ಜೆ. ಒಂದು ಹೆಜ್ಜೆ. ಆಮೇಲೆ, ಬಹಳ ಹೊತ್ತಿನ ಮೇಲೆ, ಒಂದು ಮುನಿಸಿನ ದನಿ.

"ಕಾಕಿ, ಬಿಡು, ರಟ್ಟಿ ನೋಯ್ತದ!"

ಸುಮಲತಾಳ ಕಣ್ಣಲ್ಲಿ ನೀರು ಇಳಿಯಿತು. ಒಣ ಮರಳಿನ ಮೇಲೆ ಓಡುವ ಹೆಜ್ಜೆಗಳು ಕೇಳಿಸಿದವು.

"ದಂಡಿ ಮ್ಯಾಲ ಬಂದೇವಿ," ಮಲ್ಲಾಬಾಯಿ ಏದುಸಿರು ಬಿಡುತ್ತಿದ್ದಳು. "ಬೇವಿನ ಗಿಡದ ತಳಗ ಅದೇವಿ. ಎಲ್ಲೇವ್ವ? ನನಗೇನೂ ಕಾಣವಲ್ದು. ನನ್ನ ಹಸರ ಸೀರಿ ನೀರಾಗೇ ಬಿಟ್ಟು ಬಂದೇನಿ."

"ಹೋಗ್ಲಿ ಬಿಡಕ್ಕ. ಸೀರಿ ನಾ ಕೊಡಸ್ತೀನಿ."

"ಹೋಗಾಕತ್ತದ, ಖರೆ." ಮಲ್ಲಾಬಾಯಿಯ ದನಿ ಸಣ್ಣದಾಯಿತು. "ಸುಮಿ, ಸೀರಿ ಕೆಳಗ ಹರೀವಲ್ದವ್ವ. ನೀರಿಗೆ ಎದುರು ಮ್ಯಾಲಕ್ಕ ಹೊಂಟದ."

ಆಮೇಲೆ ಫೋನು ಕೈ ಬದಲಾಯಿಸಿತು. ದಂಡೆಯ ಮೇಲೆ ಡಾಂಬರು ಬಳಿಯುತ್ತಿದ್ದ ಮರಿಲಿಂಗಪ್ಪ ಬಂದಿರಬೇಕು. ಮುದುಕನ ಉಸಿರು ಕೇಳಿಸುತ್ತಿತ್ತು. ಅವನೂ ಆ ಹಸಿರು ಸೀರೆಯನ್ನೇ ನೋಡುತ್ತಿದ್ದಾನೆಂದು ಸುಮಲತಾಳಿಗೆ ತಿಳಿಯಿತು.

"ಹರಗೋಲ ಎಳದು ಮನಿ ಮುಂದ ಹಾಕ್ತೀನಿ," ಎಂದ ಕೊನೆಗೆ. "ಎರಡೂ ಹಾಕ್ತೀನಿ. ಒಂದು ಕೂಸೂ ನೀರಿಗೆ ಇಳ್ಯಂಗಿಲ್ಲ. ನೀ ಆ ಸಾಹೇಬ್ರನ್ನ ಕರಕೊಂಡೇ ಬಾ." ಆಮೇಲೆ ಸೊಸೆಯ ಎದುರು ಎಂದೂ ತಗ್ಗಿಸದ ದನಿಯನ್ನು ತಗ್ಗಿಸಿ ಕೇಳಿದ. "ಎಷ್ಟು ಅದಾವವ್ವ?"

ಸುಮಲತಾ ಪರದೆಯ ಕಡೆ ತಿರುಗಿದಳು. ಫಕೀರಸಾಬರು ಇನ್ನೂ ಒಂದೇ ಫೋಟೋ ತೆರೆದಿದ್ದರು, ಅದರಲ್ಲೂ ಅರ್ಧ ಹೊಳೆಯನ್ನಷ್ಟೇ ನೋಡಿದ್ದರು. ಅವರ ಕೈ ಬಾಣದ ಗುರುತನ್ನು ಮೆಲ್ಲಗೆ ಬಲಕ್ಕೆ, ಮಕ್ಕಳನ್ನು ಹರಿಗೋಲಿಗೆ ಹತ್ತಿಸುವ ಜಾಗದ ಕಡೆಗೆ ಸರಿಸುತ್ತಿತ್ತು.

"ಎಷ್ಟವ್ವ?" ಎಂದ ಮುದುಕ ಮತ್ತೊಮ್ಮೆ.

"ನೋಡಾಕತ್ತೇವ್ರಿ, ಮಾವ," ಎಂದಳು ಅವಳು.